ನಾನು ಕತ್ತರಿಸಿದ ಅಂಚು

೧೯೮೮ರಲ್ಲಿ, ಎಂಟನೇ ಕ್ಲಾಸಿನ ಮಧ್ಯದಲ್ಲೇ, ನಾನು ಓದು ಬಿಟ್ಟೆ. ಆಮೇಲಿಂದ ಬೇರೆಯವರು ಓದೋ ಪುಸ್ತಕಗಳನ್ನ ಹೊಲಿದುಕೊಂಡು ಬಂದಿದ್ದೀನಿ. ಹಲಸೂರಿನಲ್ಲಿ ನನ್ನದೇ ಬೈಂಡಿಂಗ್ ಅಂಗಡಿ. ನಾನು ಕಟ್ಟಿದ ಪುಸ್ತಕದ ಹಾಳೆ ಕಿತ್ತು ಬಂತು ಅಂತ ಇವತ್ತಿನವರೆಗೆ ಒಬ್ಬರೂ ವಾಪಸ್ ತಂದಿಲ್ಲ. ಜಂಬಕ್ಕೆ ಹೇಳ್ತಿದ್ದಾನೆ ಅಂದುಕೊಂಡರೂ ಸರಿ.

ಹೋದ ವಾರ ಅಟ್ಟ ಕ್ಲೀನ್ ಮಾಡುವಾಗ ಒಂದು ಒರಟು ಉಣ್ಣೆ ಬಟ್ಟೆ ಕೈಗೆ ಸಿಕ್ಕಿತು. ಕೊಡವಿದೆ. ಹೊಗೆ ವಾಸನೆ... ನಮ್ಮ ಕಡೆಯ ಸೌದೆ ಹೊಗೆ ಅಲ್ಲ, ಏನೋ ಸೊಪ್ಪು ಸುಟ್ಟ ಘಾಟು. ಏಣಿ ಮೇಲೇ ಕೂತುಬಿಟ್ಟೆ.

ಮೇಡಂ ತಮ್ಮ ನೋಟ್‌ಬುಕ್‌ಗಳನ್ನ ಸುತ್ತಿಕೊಂಡು ಬಂದಿದ್ದು ಆ ಬಟ್ಟೆಯಲ್ಲಿ, ವಾಪಸ್ ಕೊಡದೆ ನನ್ನಲ್ಲೇ ಉಳಿದುಬಿಟ್ಟಿತ್ತು. ಇಂದಿರಾನಗರದ ಒಂದು ಹಳೇ ಮನೆಯ ಮಹಡಿಯಲ್ಲಿ ಒಬ್ಬರೇ ಇದ್ದರು, ಕೆಳಗಡೆ ಪಬ್ ಆಗಿತ್ತು. ಕಾಲೇಜಲ್ಲಿ ಪಾಠ ಹೇಳಿ ರಿಟೈರ್ ಆದವರು. ಹಿಮಾಲಯದ ಯಾವುದೋ ಕಣಿವೆಗೆ ಮೂವತ್ತು ವರ್ಷ ಹೋಗಿಬಂದು, ಅಲ್ಲಿನ ಜನ ಹೇಗೆ ಬದುಕಿದರು, ಅವರನ್ನ ಯಾವ ರಾಜ ಏನು ಮಾಡಿದ, ಕುರಿ ಮೇಯಿಸೋ ಹುಲ್ಲುಗಾವಲು ಯಾರದ್ದು ಅಂತೆಲ್ಲ ಕೇಳಿ ಬರೆದುಕೊಂಡಿದ್ದರು. ಅದನ್ನೆಲ್ಲ ಸೇರಿಸಿ ಒಂದು ಪುಸ್ತಕ ತರಬೇಕು ಅನ್ನೋದೊಂದೇ ಅವರಿಗೆ ಉಳಿದಿದ್ದ ಆಸೆ.

ಅಂಗಡಿಗೆ ಬಂದರೆ ಸ್ಟೂಲ್ ಎಳೆದುಕೊಂಡು ಕೂರೋರು. ಒಂದು ಸಲ ಕೇಳಿದೆ, "ಮೇಡಂ, ಅಷ್ಟೆತ್ತರದಲ್ಲಿ ನೀರಿಗೇನ್ ಮಾಡ್ತಾರೆ?"

"ಹಿಮ ಕರಗಿ ಬರೋ ಕಾಲುವೆ ಒಂದೇ ರೀ. ಮನೆಗೊಂದು ಸರದಿ."

"ನಮ್ಮ ಬೀದಿ ಟ್ಯಾಂಕರ್‌ಗೆ ಕೊಡ ಇಟ್ಟಂಗೆ ಬಿಡಿ. ಆದ್ರೆ ಇಲ್ಲಿ ಲೀಡರ್ ಮನೆ ಕೊಡ ಯಾವಾಗ್ಲೂ ಮುಂದೆ."

"ಅಯ್ಯೋ ಮಾಸ್ಟರ್, ಅಲ್ಲೂ ಅಂಥೋನೊಬ್ಬ ಇದಾನೆ!" ಅಂತ ನಕ್ಕು, ನಾನು ಹೇಳಿದ್ದನ್ನ ಚೀಟಿಯಲ್ಲಿ ಬರೆದುಕೊಂಡರು. ನನ್ನ ಮಾತನ್ನ ಯಾರಾದರೂ ಬರೆದುಕೊಂಡಿದ್ದು ಅದೇ ಮೊದಲು...

ನೋಟ್‌ಬುಕ್ ಒಟ್ಟು ಹದಿನೇಳು. ಒಂದೊಂದು ಒಂದೊಂದು ಅಳತೆ. "ಸುಮ್ನೆ ಹೊಲಿದು ರಟ್ಟು ಹಾಕಿ ಸಾಕು, ಪ್ರಿಂಟಿಗೆ ಮುಂಚೆ ಒಂದ್ಸಲ ಎಲ್ಲಾ ಒಟ್ಟಿಗೆ ನೋಡ್ಬೇಕು" ಅಂದಿದ್ದರು. ಹೊಲಿದೆ. ಆದರೆ ಹಲ್ಲುಹಲ್ಲಾಗಿ ಅಂಚು ಚಾಚಿಕೊಂಡಿರೋ ಪುಸ್ತಕ ನನ್ನ ಅಂಗಡಿಯಿಂದ ಹೊರಗೆ ಹೋಗೋದುಂಟಾ? ಎಲ್ಲದಕ್ಕಿಂತ ಚಿಕ್ಕ ನೋಟ್‌ಬುಕ್‌ನ ಅಳತೆ ಹಿಡಿದು ಮೂರೂ ಕಡೆ ಕಟಿಂಗ್ ಮಷೀನಿಗೆ ಕೊಟ್ಟೆ. ಅಂಚಿನಲ್ಲಿ ಅರ್ಥವಾಗದ ಗೀಚು, ಹೆಬ್ಬೆರಳಷ್ಟಗಲದ ಮಸಿ ಕಲೆ ಕಂಡಿದ್ದವು. ಕೊಳೆ ಹೋಯ್ತು, ಪುಸ್ತಕ ಲಕ್ಷಣವಾಯ್ತು ಅಂತ ಖುಷಿಪಟ್ಟೆ.

ಮೇಡಂ ಬಂದು ಪುಟ ತಿರುಗಿಸಿದರು. ಇನ್ನೊಂದು. ಇನ್ನೊಂದು. ಕೈ ನಿಂತಿತು.

"ಅಂಚೆಲ್ಲಿ ಮಾಸ್ಟರ್?"

ಆಮೇಲೆ ನಿಧಾನಕ್ಕೆ ಹೇಳಿದರು. ಆ ಕಣಿವೆಯಲ್ಲಿ ಯಾರೇ ಸಾಕ್ಷಿ ನುಡಿದರೂ ಪಕ್ಕದಲ್ಲಿ ತಮ್ಮ ಕೈಯಾರೆ ಹೆಸರು ಬರೆಯಬೇಕು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬೇಕು. ಇಲ್ಲದಿದ್ದರೆ ಆ ಮಾತು ಊರಿನಲ್ಲಿ ನಿಲ್ಲೋದಿಲ್ಲ. ಹುಲ್ಲುಗಾವಲು ತಮ್ಮದು ಅಂದ ಮುದುಕಿಯರು, ಕುರುಬರು, ಎಲ್ಲರೂ ಹಾಗೇ ಒತ್ತಿದ್ದರು. ನಿಮ್ಮ ಹೆಸರಿನ ಜೊತೆಗೇ ಅಚ್ಚು ಹಾಕಿಸ್ತೀನಿ ಅಂತ ಮೇಡಂ ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದರು. ಯಾರು ಯಾವುದನ್ನ ಹೇಳಿದರು ಅನ್ನೋದು ಬೇರೆಲ್ಲೂ ಬರೆದಿರಲಿಲ್ಲ.

ತುಂಡುಗಳನ್ನ ಬೆಳಗ್ಗೆಯೇ ರದ್ದಿಗೆ ಹಾಕಿದ್ದೆ. ಶಿವಾಜಿನಗರಕ್ಕೆ ಸ್ಕೂಟರಿನಲ್ಲಿ ಓಡಿದೆ. ರದ್ದಿ ಅಂಗಡಿಯವನು, "ಕ್ಯಾ ಭಾಯ್, ಚಿನ್ನ ಕಟ್ ಮಾಡ್ಬಿಟ್ಯಾ? ಲಾರಿ ಆಗ್ಲೇ ಹೋಯ್ತಲ್ಲ!" ಅಂದ. ಉಳಿದಿದ್ದ ಮೂಟೆಗಳನ್ನೆಲ್ಲ ನೆಲಕ್ಕೆ ಸುರಿದು ಕೆದಕಿದೆ. ಬರೀ ಮದುವೆ ಕಾರ್ಡು, ಸ್ಕೂಲ್ ಡೈರಿ.

ಅಂಗಡಿಗೆ ಬರೋ ಹೊತ್ತಿಗೆ ಮೇಡಂ ಸ್ಟೂಲಿನ ಮೇಲೇ ಕೂತಿದ್ದರು. ಕಾಲಿಗೆ ಬೀಳಬೇಕಿತ್ತು ನಾನು. ಪಕ್ಕದಲ್ಲಿ ಇಬ್ಬರು ಗಿರಾಕಿ ನಿಂತಿದ್ದರು. ನನ್ನ ಬಾಯಿಂದ ಬಂದಿದ್ದು, "ಅಂಚಲ್ಲಿ ಯಾರಾದ್ರೂ ಬರೀತಾರಾ ಮೇಡಂ? ಬೈಂಡಿಂಗ್ ಅಂದ್ಮೇಲೆ ಕಟಿಂಗ್ ಇದ್ದಿದ್ದೇ."

ಅವರು ಪುಸ್ತಕ ಮುಚ್ಚಿದರು. "ಹೌದು ಮಾಸ್ಟರ್. ನಾನೇ ಬಿಡಿಸಿ ಹೇಳ್ಬೇಕಿತ್ತು" ಅಂದರು. ಬೈದಿದ್ದರೆ ಇಷ್ಟು ವರ್ಷ ಹೀಗೆ ಕಾಡುತ್ತಿರಲಿಲ್ಲವೇನೋ...

ಹೆಸರಿಲ್ಲದೆ ಅಚ್ಚು ಹಾಕಿಸೋದಕ್ಕೆ ಅವರು ಒಪ್ಪಲಿಲ್ಲ. ಆ ಬೇಸಿಗೆ, ಅರವತ್ತೆಂಟನೇ ವಯಸ್ಸಿನಲ್ಲಿ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಆ ಕಣಿವೆಗೆ ಹೋದರು, ಹೇಳಿದವರನ್ನ ಹುಡುಕಿಕೊಂಡು. ಮಳೆಗಾಲ ಶುರುವಾದ ಮೇಲೆ ಬಂದರು, ಬಿಸಿಲಿಗೆ ಮುಖ ಸುಟ್ಟು ಕಪ್ಪಾಗಿತ್ತು. ನನ್ನ ಅಂಗಡಿಗೇ ಬಂದರು.

"ಎಷ್ಟು ಜನ ಸಿಕ್ಕಿದ್ರು ಮೇಡಂ?"

"ಮೂರು ಜನ. ಮಿಕ್ಕೋರೆಲ್ಲ ಹೋಗ್ಬಿಟ್ಟಿದಾರೆ. ಒಬ್ಬಳು ಅಜ್ಜಿ, ಮೊದಲು ಒತ್ತಿದ್ದು ಏನಾಯ್ತು ಅಂತ ಕೇಳಿದ್ಲು."

"ಏನಂದ್ರಿ?"

"ನನ್ನ ಕೈಯಿಂದ ಕಳೆದುಹೋಯ್ತು ಅಂದೆ."

ನನ್ನ ಹೆಸರು ಅಲ್ಲಿ ಹೇಳಲಿಲ್ಲ. ಅಷ್ಟು ದೂರದ ಬೆಟ್ಟದಲ್ಲೂ ನನ್ನ ಮಾನ ಉಳಿಸಿ ಬಂದಿದ್ದರು. ಆಗಲಾದರೂ ತಪ್ಪಾಯ್ತು ಅನ್ನಬಹುದಿತ್ತು. ಅವತ್ತು ಗಿರಾಕಿಗಳೂ ಯಾರೂ ಇರಲಿಲ್ಲ. "ಟೀ ತರಿಸ್ಲಾ ಮೇಡಂ?" ಅಂದೆ. ಕುಡಿದು ಹೋದರು.

ದೀಪಾವಳಿಗೆ ಮುಂಚೆ ಅವರಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿದೆ ಅಂತ ಕೇಳಿದೆ. ನಾಳೆ ಹೋಗಿ ನೋಡೋಣ, ನಾಳೆ ಹೋಗೋಣ ಅಂದುಕೊಂಡೆ. ಹೋದಾಗ ಮಹಡಿಯಲ್ಲಿ ಪಬ್‌ನವರ ಕುರ್ಚಿಗಳಿದ್ದವು. ಮೇಡಂ ತೀರಿಕೊಂಡ ಮೇಲೆ ಸಾಮಾನೆಲ್ಲ ಯಾರೋ ನೆಂಟರು ತೆಗೆದುಕೊಂಡು ಹೋದರಂತೆ. ನೋಟ್‌ಬುಕ್ ವಿಚಾರ ವಾಚ್‌ಮನ್‌ಗೆ ಗೊತ್ತಿರಲಿಲ್ಲ. ಆ ಹುಲ್ಲುಗಾವಲು ಕೊನೆಗೆ ಯಾರ ಪಾಲಾಯಿತೋ ನನಗೂ ಗೊತ್ತಿಲ್ಲ.

ಈಗ ನನ್ನ ಹತ್ತಿರ ಕಟಿಂಗ್ ಮಷೀನು ಎರಡಿದೆ, ಪ್ರೆಸ್ಸು ಮೂರಿದೆ, ಕೆಲಸದವರು ನಾಲ್ಕು ಜನ. ಗೋಡೆ ಮೇಲೆ ದೊಡ್ಡ ದೊಡ್ಡವರ ಥೀಸಿಸ್‌ಗಳ ಸ್ಯಾಂಪಲ್ಲು ಇಪ್ಪತ್ತೆರಡು. ಮೇಡಂ ಬರೆದ ಪುಸ್ತಕ, ಒಂದೂ ಇಲ್ಲ.