ಅಕ್ಕ ಬರೆದುಕೊಟ್ಟ ಪಟ್ಟಿ

ನಮ್ಮ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಫ್ರೀಜರ್ ಅಕ್ಕ ಎಂದೇ. ರೋಗಿಗಳ ರಕ್ತದ ಮಾದರಿ ಇಡುವ ಫ್ರೀಜರಿನ ಬೀಗದ ಕೈ ಹದಿನಾಲ್ಕು ವರ್ಷದಿಂದ ಅವಳ ಹತ್ತಿರವೇ ಇತ್ತು. ಆದರೆ ಕೆಲಸ ಗುತ್ತಿಗೆಯದು, ಹನ್ನೊಂದು ತಿಂಗಳಿಗೊಮ್ಮೆ ಹೊಸ ಆದೇಶ. ನಾನು ಎದುರು ಮೇಜಿನ ಟಪಾಲು ಗುಮಾಸ್ತ.

ತಪಾಸಣೆಗೆ ಬರದೆ ತಪ್ಪಿಸಿಕೊಂಡವರಿಗೆ ಫೋನ್ ಮಾಡಿ, "ಅಜ್ಜ, ಇದೊಂದ್ಸಲ ಬಂದ್ಹೋಗಿ, ಸೂಜಿ ನಿಧಾನಕ್ಕೆ ಚುಚ್ಚೋಕೆ ಹೇಳ್ತೀನಿ" ಎಂದು ಪುಸಲಾಯಿಸುವವಳು ಅವಳೇ. ರೋಗಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಮರೆತ ಪ್ರೊಫೆಸರರ ಕಾರಿನ ಹಿಂದೆ ಓಡುವವಳೂ ಅವಳೇ. ಪ್ರಬಂಧದ ಮೇಲೆ ಹೆಸರು ಮಾತ್ರ ಅವರದು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಅವಳು ನಕ್ಕು ಮುಂದಿನ ರೋಗಿಗೆ ಫೋನ್ ಹಚ್ಚುತ್ತಿದ್ದಳು.

ಈ ವರ್ಷ ಆ ಹುದ್ದೆಯನ್ನು ಕಾಯಂ ಮಾಡಿದರು. ಆಡಳಿತಾಧಿಕಾರಿ ಬಂದು, "ನೀವು ಏನೇನ್ ಮಾಡ್ತೀರೋ ಬರ್ಕೊಡಿ ಅಮ್ಮ, ಜಾಹೀರಾತಿಗೆ ಬೇಕು" ಎಂದರು. ಇಷ್ಟು ವರ್ಷದಲ್ಲಿ ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ಅಕ್ಕ ಎರಡು ದಿನ ಕೂತು ಹದಿನೆಂಟು ಕೆಲಸ ಬರೆದಳು.

"ಅಷ್ಟೆಲ್ಲ ಯಾಕಕ್ಕ? ನಾಲ್ಕೈದು ಸಾಕು."

"ಸುಮ್ನಿರೋ. ಮಾಡಿದ್ದನ್ನ ಹೇಳ್ಕೊಳ್ಳೋಕೆ ಏನ್ ನಾಚ್ಕೆ?"

ಪಟ್ಟಿ ನೋಡಿದ ನೇಮಕಾತಿ ಸಮಿತಿ ದಂಗಾಯಿತು. ಇಷ್ಟೊಂದು ಜವಾಬ್ದಾರಿಯ ಹುದ್ದೆಗೆ ಸ್ನಾತಕೋತ್ತರ ಪದವಿಯೇ ಬೇಕೆಂದು ಠರಾವು ಮಾಡಿತು. ಅಕ್ಕನ ಓದು ಹೈಸ್ಕೂಲಿಗೇ ನಿಂತಿತ್ತು.

ಅವಳು ಅಧಿಕಾರಿಯ ಕೋಣೆಗೆ ಹೋದಳು. ಫೈಲು ಹಿಡಿದು ನಾನೂ ಹಿಂದೆಯೇ ಹೋದೆ. "ಸರ್, ಅದನ್ನೆಲ್ಲ ಮಾಡ್ತಿರೋಳು ನಾನೇ ಅಲ್ವಾ?"

"ಗೊತ್ತಮ್ಮ. ನೀವು ಸ್ವಲ್ಪ ಕಡಿಮೆ ಬರೀಬೇಕಿತ್ತು. ಈಗ ನನ್ನ ಕೈಲಿ ಏನಿದೆ ಹೇಳಿ?" ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯನಾಗಿದ್ದರೆ ಬೈದಾದರೂ ಬರಬಹುದಿತ್ತು. ಆ ಜಾಹೀರಾತನ್ನು ಪತ್ರಿಕೆಗಳಿಗೆ ಕಳಿಸಿದ್ದು ನಾನೇ.

ಮಗಳು ಹಠ ಹಿಡಿದಳೆಂದು ಅಕ್ಕನೂ ಒಂದು ಅರ್ಜಿ ಹಾಕಿದಳು. ಒಟ್ಟು ಇನ್ನೂರ ಹನ್ನೆರಡು ಬಂದವು. ಅವುಗಳನ್ನು ಪರಿಶೀಲಿಸಿ, ಅರ್ಹತೆ ಇಲ್ಲದವರಿಗೆ ಕಾರಣ ಬರೆದು ಪತ್ರ ಕಳಿಸಬೇಕು. ಆ ಕೆಲಸ ಬಲ್ಲವರು ಅವಳನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವಳ ಪೆನ್ನು ನಿಂತಿತು. ನಾನು ಎದ್ದು ಹೋಗಿ ನೋಡಿದೆ. ಮುಂದಿದ್ದದ್ದು ಅವಳದೇ ಅರ್ಜಿ.

"ಕೊಡಕ್ಕ, ಇದೊಂದನ್ನ ನಾನು ಬರೀತೀನಿ."

"ನಿನ್ನ ಕೋಳಿಕಾಲು ಅಕ್ಷರ ಯಾರಿಗೋ ಅರ್ಥ ಆಗುತ್ತೆ?" ಎಂದಳು. ನಗಲು ನೋಡಿದಳು, ಆಗಲಿಲ್ಲ. ಪತ್ರದ ಅನುಭವದ ಕಾಲಂನಲ್ಲಿ "ಹದಿನಾಲ್ಕು ವರ್ಷ, ಸರಿ ಇದೆ" ಎಂದು ಬರೆದಳು. ಕೆಳಗೆ "ವಿದ್ಯಾರ್ಹತೆ ಇಲ್ಲ, ತಿರಸ್ಕರಿಸಿದೆ" ಎಂದು ಬರೆದು, ಉಳಿದ ಪತ್ರಗಳ ಜೊತೆ ಅದನ್ನೂ ನನ್ನ ಮೇಜಿಗೆ ತಂದಿಟ್ಟಳು.

ನಾನು ಲಕೋಟೆ ತೆಗೆದುಕೊಂಡೆ. ಹದಿನಾಲ್ಕು ವರ್ಷ ಎದುರುಬದುರು ಕೂತು ಊಟದ ಡಬ್ಬಿ ಹಂಚಿಕೊಂಡವಳ ಮನೆ ಯಾವ ಬೀದಿಯಲ್ಲಿದೆ ಎಂದು ನಾನು ತಿಳಿದದ್ದು ಆಗ, ಅದರ ಮೇಲೆ ವಿಳಾಸ ಬರೆಯುವಾಗ.