ಖಜೂರಿಯ ಬೆನ್ನಿಗೆ ರುಖಿಯಾ ಹೊಲಿದ ತಡಿ

ಕುದ್ರೋಳಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದ ರುಖಿಯಾಳಿಗೆ ಒಂದು ಹಮ್ಮು ಇತ್ತು. ಅವಳು ಹೊಲಿದ ಹಾಸಿಗೆಯ ಮೇಲೆ ಕಣ್ಣುಮುಚ್ಚಿ ಅಂಗೈ ಆಡಿಸಿದರೆ ಎಲ್ಲಿಯೂ ಉಬ್ಬು ಸಿಗಬಾರದು, ಎಲ್ಲಿಯೂ ತಗ್ಗು ಸಿಗಬಾರದು. ಬಂದರಿನ ದೊಡ್ಡ ಮನೆಗಳಲ್ಲಿ ಮದುವೆಯ ಕೋಣೆಗೆ ಅವಳದೇ ಹಾಸಿಗೆ ಆಗಬೇಕು. ಇರಲಿ ಬಿಡಿ, ಕೈಕೆಲಸ ಬಲ್ಲವರಿಗೆ ಅಷ್ಟಾದರೂ ಹಮ್ಮು ಬೇಡವೇ? ಆದರೆ ೧೯೫೮ರಲ್ಲಿ ಆ ಹಮ್ಮೇ ಒಂದು ಮೂಕಪ್ರಾಣಿಯ ಜೀವಕ್ಕೆ ಮುಳುವಾಗುವುದರಲ್ಲಿತ್ತು.

ಅವಳ ಗಂಡ ಮೊಯ್ದೀನಬ್ಬನ ಹತ್ತಿರ ಒಂದು ಕುದುರೆ ಇತ್ತು. ಹಣ್ಣಾದ ಖರ್ಜೂರದ ಬಣ್ಣದ ಹೆಣ್ಣುಕುದುರೆ, ಹೆಸರು ಖಜೂರಿ. ಮದುವೆಗಳಲ್ಲಿ ಮದುಮಗನನ್ನು ಕೂರಿಸಿಕೊಂಡು ಹೋಗುವುದು ಅದರ ಕೆಲಸ. ಮೊಯ್ದೀನಬ್ಬನಿಗೆ ಕುದುರೆಗಿಂತ ಹೆಚ್ಚು ಪ್ರೀತಿ ಅದರ ಜೀನಿನ ಮೇಲೆ. ಅವನ ಅಜ್ಜ ಘಟ್ಟದ ಮೇಲಿಂದ ತಂದದ್ದು. ಒಳಗೆ ಗಟ್ಟಿ ಮರದ ಚೌಕಟ್ಟು, ಮೇಲೆ ಚರ್ಮ, ಅಂಚಿಗೆಲ್ಲ ಹಿತ್ತಾಳೆ ಹೂವು. ಯಾವ ಕುದುರೆಯ ಅಳತೆಗೆ ಆ ಮರ ಕೆತ್ತಿದ್ದರೋ ಪುಣ್ಯಾತ್ಮರು, ಯಾರಿಗೂ ಗೊತ್ತಿಲ್ಲ. ಜೀನಿನ ಜೊತೆ ಒಂದು ಕಥೆಯೂ ಬಂದಿತ್ತು. ಅಜ್ಜನ ಕುದುರೆ ಸಿಕಂದರ್ ಮಹಾ ಉಗ್ರ, ಜೀನು ಬಿಗಿಯುವಾಗ ಅಜ್ಜನ ಎರಡು ಬೆರಳನ್ನೇ ಕಚ್ಚಿ ತೆಗೆದಿತ್ತು, ಅಜ್ಜ ಅದನ್ನು ಹೊಡೆದು ಹಣ್ಣುಗಾಯಿ ಮಾಡಿ ದಾರಿಗೆ ತಂದರು ಎಂದು ಮೊಯ್ದೀನಬ್ಬ ಮೀಸೆ ನೀವುತ್ತ ಹೇಳುತ್ತಿದ್ದ. ಬಂದ ನೆಂಟರೆಲ್ಲ ಅದನ್ನು ಕೇಳಿಯೇ ಚಾ ಕುಡಿಯಬೇಕು.

ಆ ವರ್ಷ ರಂಝಾನಿಗೆ ಮೊದಲಿನ ಕೊನೆಯ ಮದುವೆಯಲ್ಲಿ ಮರ್ಯಾದೆ ಹೋಯಿತು. ದಿಬ್ಬಣದ ನಡುವೆ ಖಜೂರಿ ಹಿಂಗಾಲು ಮಡಚಿ ರಸ್ತೆಯಲ್ಲೇ ಕೂತುಬಿಟ್ಟಿತು. ಮದುಮಗ ಹೂವಿನ ಮಾಲೆ ಸಮೇತ ಬಾಲದ ಕಡೆಯಿಂದ ಜಾರಿ ಇಳಿದ. ದಫ್ ಬಾರಿಸುವವರು ಬಾರಿಸುವುದನ್ನು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಗೆ ಬಂದವನೇ ಮೊಯ್ದೀನಬ್ಬ ಕೂಗಾಡಿದ. "ಇದರ ಹಠ ನನ್ನ ಹತ್ರ ನಡೆಯೂದಿಲ್ಲ. ಇನ್ನೊಂದು ಸಲ ಕೂತ್ರೆ ಕಾಟಿಪಳ್ಳದ ಕಲ್ಲಿನ ಗಾಡಿಯವನಿಗೆ ಕೊಟ್ಟೇಬಿಡ್ತೇನೆ!"

ಮುರಕಲ್ಲು ಹೇರಿದ ಆ ಗಾಡಿಯನ್ನು ರುಖಿಯಾ ಕಂಡಿದ್ದಳು. ಅದಕ್ಕೆ ಕಟ್ಟಿದ ಕುದುರೆ ಎರಡನೇ ಮಳೆಗಾಲ ನೋಡಿದ್ದಿಲ್ಲ. ಅವಳು ಹಿತ್ತಲಿಗೆ ಹೋಗಿ ಖಜೂರಿಯ ಮೈ ತೊಳೆಯತೊಡಗಿದಳು. ಹೆಗಲಿನ ಹಿಂದೆ, ಜೀನಿನ ಮರದ ಅಂಚು ಕೂರುವಲ್ಲಿ, ಎರಡು ಕಡೆಯೂ ಅಂಗೈಯಗಲ ಕೂದಲು ಉದುರಿ ಚರ್ಮ ಸುಲಿದಿತ್ತು. ಬೆರಳು ತಾಗಿದ್ದೇ ತಡ, ಖಜೂರಿ ಕತ್ತು ತಿರುಗಿಸಿ ಹಲ್ಲು ಕಿಸಿಯಿತು. ಆದರೆ ಕಚ್ಚಲಿಲ್ಲ. ಅವಳ ತೋಳಿಗೆ ಮೂತಿ ಒತ್ತಿ ಸುಮ್ಮನಾಯಿತು.

"ಹಠ ಅಲ್ಲ ಇದು, ನೋವು. ಬಂದು ನೋಡಿ. ನಿಮ್ಮ ಜೀನಿನ ಮರ ಇದರ ಮಾಂಸ ತಿಂದಿದೆ," ಎಂದು ಅವಳು ಗಂಡನನ್ನು ಕರೆದಳು.

"ಮೂರು ತಲೆಮಾರಿನ ಜೀನು ಅದು!"

"ಕುದುರೆ ಮೂರು ತಲೆಮಾರಿನದ್ದಲ್ಲ ಅಲ್ವಾ? ಮರ ಬೇಡ. ಮರ ಇಲ್ಲದ ಮೆತ್ತನೆ ತಡಿ ನಾನು ಹೊಲೀತೇನೆ."

"ಅಜ್ಜನ ಜೀನು ಬಿಟ್ಟು ನಿನ್ನ ತಲೆದಿಂಬು ಕಟ್ಟಬೇಕಾ? ಜನ ನಗ್ಲಿಕ್ಕಿಲ್ವಾ?"

"ಇವತ್ತು ಎಂತ, ಅತ್ತರಾ?"

ಮೊಯ್ದೀನಬ್ಬ ಬೆರಳು ಮಡಚಿ ದಿನ ಎಣಿಸಿದ. ರಂಝಾನ್ ಮುಗಿದು ಪೆರ್ನಾಲ್ ಹಬ್ಬ ಕಳೆದ ನಾಲ್ಕನೇ ದಿನ ಬಂದರಿನ ಅಬೂಬಕ್ಕರ್ ಸಾಹುಕಾರರ ಮಗನ ಮದುವೆಗೆ ಅವನು ಮಾತು ಕೊಟ್ಟಾಗಿತ್ತು. "ಆಯ್ತು, ಅವತ್ತು ನಿನ್ನ ತಡಿಯನ್ನೇ ಹಾಕುವ. ಅದರಲ್ಲೂ ಕೂತ್ರೆ ಖಜೂರಿ ಕಾಟಿಪಳ್ಳಕ್ಕೆ. ಆಮೇಲೆ ನೀನು ಅಳುವ ಹಾಗಿಲ್ಲ," ಎಂದ.

ಹಾಗೆ ಕುದುರೆಯ ಹಣೆಬರಹ ರುಖಿಯಾಳ ದಬ್ಬಣದ ತುದಿಗೆ ಬಂತು.

ರಂಝಾನಿನಲ್ಲಿ ಮದುವೆಗಳಿಲ್ಲ, ಖಜೂರಿಗೆ ವಿಶ್ರಾಂತಿ ಸಿಕ್ಕಿತು. ಅರಿಶಿನ ಎಣ್ಣೆ ಹಚ್ಚಿ ಹಚ್ಚಿ ಗಾಯ ಮಾಯಿತು. ಉಪವಾಸದ ಹಗಲುಗಳಲ್ಲಿ ರುಖಿಯಾ ತಡಿ ಹೊಲಿದಳು. ಒಳ್ಳೆಯ ಬೂರುಗದ ಹತ್ತಿ, ಮೇಲೆ ದಪ್ಪ ಬಟ್ಟೆ, ಬೆರಳಗಲಕ್ಕೊಂದು ಹೊಲಿಗೆ. ಅಂಗೈ ಆಡಿಸಿ ನೋಡಿದಳು. ಉಬ್ಬಿಲ್ಲ, ತಗ್ಗಿಲ್ಲ. ಅಲ್ಹಮ್ದುಲಿಲ್ಲಾ ಎಂದಳು.

ಹಬ್ಬಕ್ಕೆ ವಾರವಿರುವಾಗ ಮೊಯ್ದೀನಬ್ಬ ಅದನ್ನು ಖಜೂರಿಗೆ ಬಿಗಿದು, ಹತ್ತಿ ಕೂತು ಹೊಳೆಯ ಬದಿಗೆ ಹೋಗಿ ಬಂದ. ಮರಳಿ ಬರುವಾಗ ಖಜೂರಿ ಬೆನ್ನನ್ನು ಕೆಳಗೆ ತಗ್ಗಿಸಿಕೊಂಡು ಕಾಲೆಳೆಯುತ್ತಿತ್ತು. ರುಖಿಯಾ ಓಡಿಹೋಗಿ ತಡಿ ತೆಗೆದಳು. ಹೆಗಲು ಚೆನ್ನಾಗಿಯೇ ಇತ್ತು. ಆದರೆ ನಡುಬೆನ್ನಿನ ಮೂಳೆಯ ಉದ್ದಕ್ಕೂ ಕೂದಲು ತಿರುಚಿ ನಿಂತಿತ್ತು. ಮೂಳೆಯನ್ನು ಒಂದು ಬೆರಳಿಂದ ಒತ್ತಿದಳು. ಖಜೂರಿಯ ಮೈಯೆಲ್ಲ ನಡುಗಿತು.

"ಕಂಡಿಯಾ? ಇದಕ್ಕಿಂತ ಮರದ್ದೇ ವಾಸಿ ಇತ್ತು," ಎಂದು ಮೊಯ್ದೀನಬ್ಬ ಒಳಗೆ ಹೋದ.

ಅವಳಿಗೆ ಅಳು ತಡೆಯಲಾಗಲಿಲ್ಲ. ಎಲ್ಲಿ ತಪ್ಪಿತು? ಮೆತ್ತಗೆ ಇದೆ, ಸಮ ಇದೆ, ಮತ್ತೆ ಯಾಕೆ ನೋವು? ಹಿತ್ತಲ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿರುವಾಗ ಮೀನಿನ ಜಲಜಾಕ್ಷಿ ಬಂದಳು. ದಿನವೂ ಬಂದರಿನಿಂದ ಬುಟ್ಟಿ ಹೊತ್ತು ಮನೆಮನೆಗೆ ಬರುವವಳು. ಬುಟ್ಟಿ ಇಳಿಸಿ ತಲೆಯ ಮೇಲಿದ್ದ ಬಟ್ಟೆಯ ಸಿಂಬೆಯನ್ನು ಮಡಿಲಿಗೆ ಹಾಕಿಕೊಂಡಳು.

"ಎಂತ ರುಖಿಯಕ್ಕ, ಉಪವಾಸ ತಲೆಗೆ ಹತ್ತಿತಾ? ಬಂಗುಡೆ ಉಂಟು, ಫಸ್ಟ್‌ಕ್ಲಾಸ್."

ರುಖಿಯಾಳ ಕಣ್ಣು ಮೀನಿನ ಮೇಲಿರಲಿಲ್ಲ. ಸಿಂಬೆಯನ್ನೇ ನೋಡುತ್ತಿದ್ದಳು. "ಜಲಜಕ್ಕ, ಅಷ್ಟು ಭಾರ ಹೊತ್ತು ನಡೀತೀರಲ್ಲ, ನೆತ್ತಿ ನೋಯೂದಿಲ್ವಾ?"

"ನೆತ್ತಿಗೆ ಭಾರ ಎಲ್ಲಿ ತಾಗ್ತದೆ ಮಾರಾಯ್ತಿ? ಸಿಂಬೆ ಸುತ್ತ ಕೂರ್ತದೆ, ನಡುವೆ ಖಾಲಿ. ನನ್ನ ಸೊಸೆ ಮೊದಲ ದಿನ ಬಟ್ಟೆಯನ್ನು ಚಪ್ಪಟೆ ಮಡಚಿ ಇಟ್ಟುಕೊಂಡಳು. ಎರಡು ದಿನ ಕುತ್ತಿಗೆ ತಿರುಗ್ಲಿಲ್ಲ ಅವಳಿಗೆ."

ಅಯ್ಯೋ ಪಡೆದವನೇ, ದೇವರೇ! ರುಖಿಯಾ ಹಣೆ ಚಚ್ಚಿಕೊಂಡಳು. ಮನುಷ್ಯ ಮಲಗುವ ಹಾಸಿಗೆಗೆ ನಡುವೆ ತಗ್ಗಿರಬಾರದು. ಕುದುರೆಯ ಬೆನ್ನಿಗೆ ನಡುವೆ ತಗ್ಗೇ ಬೇಕು! ಮೂಳೆಗೆ ಏನೂ ತಾಗದೆ, ಭಾರವೆಲ್ಲ ಎರಡು ಬದಿಯ ಮಾಂಸದ ಮೇಲೆ ಕೂರಬೇಕು. ತನ್ನ ಹಮ್ಮನ್ನೇ ಅವಳು ಖಜೂರಿಯ ಮೂಳೆಯ ಮೇಲೆ ಹೇರಿದ್ದಳು. ಆಗಲೇ ಎದ್ದು ಕತ್ತರಿ ತಂದು ತಡಿಯನ್ನು ನಡುವೆ ಸೀಳಿದಳು. ಹತ್ತಿ ಹಿತ್ತಲೆಲ್ಲ ಹಾರಿತು. ಹತ್ತಿ ಕೂತವನ ಭಾರಕ್ಕೆ ಅಪ್ಪಚ್ಚಿಯಾಗುತ್ತದೆಂದು ತೆಂಗಿನ ನಾರನ್ನು ಗಟ್ಟಿಯಾಗಿ ತುಂಬಿ ಎರಡು ಉದ್ದ ದಿಂಬು ಮಾಡಿದಳು. ನಡುವೆ ನಾಲ್ಕು ಬೆರಳು ಖಾಲಿ ಬಿಟ್ಟು ಜೋಡಿಸಿದಳು, ಅಡಿಯಲ್ಲಿ ಕಂಬಳಿ ಹೊಲಿದಳು.

ಈ ಸಲ ಖಜೂರಿ ತಲೆಯಾಡಿಸುತ್ತ ನಡೆಯಿತು. ಒಂದೇ ತೊಡಕು. ರಿಕಾಪಿಗೆ ಕಾಲು ಕೊಟ್ಟು ಬದಿಯಿಂದ ಎಳೆದುಕೊಂಡು ಹತ್ತಿದರೆ ತಡಿ ಆ ಕಡೆಗೆ ಜಾರುತ್ತಿತ್ತು. ಬೆನ್ನನ್ನು ಕಚ್ಚಿ ಹಿಡಿಯಲು ಒಳಗೆ ಮರವಿಲ್ಲವಲ್ಲ. "ಮದುಮಗನನ್ನು ಜಗಲಿಯಿಂದಲೇ ಹತ್ತಿಸಬೇಕು, ಮರೀಬೇಡಿ," ಎಂದು ಅವಳು ಗಂಡನಿಗೆ ಹತ್ತು ಸಲ ಹೇಳಿದಳು. ಅವನು ಹೂಂಗುಟ್ಟಿದ.

ಮದುವೆಯ ದಿನ ಇಳಿಹೊತ್ತಿನ ಅಸರ್ ನಮಾಝ್ ಮುಗಿದಿತ್ತು. ಮದುವೆಯ ಹಾಸಿಗೆ ತಂದುಕೊಟ್ಟಿದ್ದ ರುಖಿಯಾ ಸಾಹುಕಾರರ ಮನೆಯ ಹೆಂಗಸರ ನಡುವೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅಂಗಳದ ತುಂಬ ಗಂಡಸರು. ಮದುಮಗ ಎಂದರೆ ಅಕ್ಕಿಮೂಟೆಯಂಥ ಆಳು. ಗೆಳೆಯರು ನಾಲ್ವರು ಹೋ ಎನ್ನುತ್ತ ಅವನನ್ನು ಅಂಗಳದ ನಡುವೆಯೇ ಕುದುರೆಯ ಬದಿಗೆ ತಂದು, ಕಾಲನ್ನು ರಿಕಾಪಿಗೆ ತುರುಕಿ ಮೇಲಕ್ಕೆ ನೂಕಿದರು. ಸಾಹುಕಾರರ ಎದುರು ಅವರನ್ನು ತಡೆಯಲು ಮೊಯ್ದೀನಬ್ಬ ಅಳುಕಿದ.

ತಡಿ ಜಾರಿತು. ಮದುಮಗ ಅರ್ಧದಲ್ಲಿ ನೇತಾಡಿದ. ಖಜೂರಿ ನಾಲ್ಕೂ ಕಾಲು ಅಗಲಿಸಿ ತತ್ತರಿಸಿತು. ಅದರ ಹಿಂಗಾಲು ಮಡಚತೊಡಗಿತು. ಮೊಯ್ದೀನಬ್ಬ ದಿಕ್ಕು ತೋಚದೆ ಚಾಟಿ ಎತ್ತಿದ.

ಆಮೇಲೆ ನಡೆದದ್ದನ್ನು ಕುದ್ರೋಳಿಯ ಹೆಂಗಸರು ವರ್ಷಗಟ್ಟಲೆ ಆಡಿಕೊಂಡರು. ರುಖಿಯಾ ಒಳಗಿನಿಂದ ಓಡಿದಳು. ಜಗಲಿ ದಾಟಿ, ಅಷ್ಟೂ ಗಂಡಸರ ನಡುವೆ ನುಗ್ಗಿ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಇಳಿಸಿ ಅವನನ್ನು! ಹೊಡೆದ್ರೆ ನೋಡಿ!"

ದಫ್ ನಿಂತಿತು. "ಯಾರಿವಳು?" ಎಂದು ಸಾಹುಕಾರರು ಗುಡುಗಿದರು.

"ಹಾಸಿಗೆಯವಳು," ಎಂದಳು ರುಖಿಯಾ. ಹೊಟ್ಟೆಪಟ್ಟಿ ಸಡಿಲಿಸಿ ತಡಿಯನ್ನು ನಡುವಿಗೆ ತಂದಳು, ಮತ್ತೆ ಬಿಗಿದಳು, ಖಜೂರಿಯ ಕಿವಿಯಲ್ಲಿ ಏನೋ ಹೇಳಿ ಜಗಲಿಗೆ ಒತ್ತಿ ನಿಲ್ಲಿಸಿದಳು. "ಬಾ ಮಗಾ, ಮೇಲಿಂದ ಕಾಲು ಹಾಕು. ಮೆಲ್ಲ ಕೂತ್ಕೋ."

ಮದುಮಗ ಅಪ್ಪನ ಮುಖ ನೋಡಿದ, ಕುದುರೆಯ ಮುಖ ನೋಡಿದ. ಜಗಲಿ ಹತ್ತಿ ಕಾಲು ಹಾಕಿ ಕೂತ. ಖಜೂರಿ ಒಮ್ಮೆ ಕಿವಿ ಕೊಡವಿ ನೆಟ್ಟಗೆ ನಿಂತಿತು. "ಸುಖ ಉಂಟು ಮಾರಾಯ್ರೆ!" ಎಂದು ಅವನೆಂದಾಗ ಯಾರೋ ನಕ್ಕರು, ದಫ್ ಶುರುವಾಯಿತು.

ರುಖಿಯಾ ಗಂಡಸರ ದಿಬ್ಬಣದ ಹಿಂದೆ ಹೋಗುವಂತಿರಲಿಲ್ಲ. ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ಕೂತಳು. ದೂರದ ದಫ್ ಸದ್ದು ಒಮ್ಮೆ ನಿಂತಾಗ ಅವಳು ಎದ್ದು ನಿಂತಳು. ಕೂತುಬಿಟ್ಟಿತೇ? ಮತ್ತೆ ಸದ್ದು ಕೇಳುವಷ್ಟರಲ್ಲಿ ಅವಳು ಎಷ್ಟು ಸ್ವಲಾತ್ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಮುಸ್ಸಂಜೆಯ ಮಗ್ರಿಬ್ ಬಾಂಗು ಆದ ಸ್ವಲ್ಪ ಹೊತ್ತಿಗೆ ಗೊರಸಿನ ಸದ್ದು ಬಂತು. ಖಜೂರಿ ತನ್ನ ನಾಲ್ಕು ಕಾಲಿನ ಮೇಲೆಯೇ ನಡೆದು ಬಂದಿತ್ತು.

ಎಲ್ಲರೆದುರು ಕೈ ಹಿಡಿದದ್ದಕ್ಕೆ ಬೈಗುಳ ಖಂಡಿತ ಎಂದು ರುಖಿಯಾ ಕಾದಳು. ಮೊಯ್ದೀನಬ್ಬ ತಡಿಯನ್ನು ತಾನೇ ಬಿಚ್ಚಿದ. ಹೆಬ್ಬೆರಳಿನಿಂದ ನಡುಬೆನ್ನಿನ ಮೂಳೆಯನ್ನು ಒತ್ತಿದ, ಇನ್ನೊಂದು ಕಡೆ ಒತ್ತಿದ, ಮತ್ತೆ ಒತ್ತಿದ. ಖಜೂರಿ ನೀರು ಕುಡಿಯುವುದನ್ನು ನಿಲ್ಲಿಸಲಿಲ್ಲ.

ಅವನು ಮೆಟ್ಟಿಲ ಮೇಲೆ ಅವಳ ಬದಿಯಲ್ಲಿ ಕೂತ. ಗೋಡೆಯಲ್ಲಿ ಅಜ್ಜನ ಜೀನು ನೇತಾಡುತ್ತಿತ್ತು. ಅದನ್ನೇ ನೋಡುತ್ತ ಕೇಳಿದ.

"ಸಿಕಂದರ್ ಜೀನು ಬಿಗಿಯುವಾಗಲೇ ಅಲ್ವಾ ಕಚ್ಚಿದ್ದು?"

"ಹೌದು. ನೀವೇ ಹೇಳ್ತಿದ್ರಲ್ಲ."

"ಅವನ ಬೆನ್ನನ್ನು ಯಾರಾದ್ರೂ ಒತ್ತಿ ನೋಡಿರಬಹುದಾ ರುಖಿಯಾ?"

ಆಮೇಲಿನ ವರ್ಷಗಳಲ್ಲಿ ಅವಳು ಕುದ್ರೋಳಿಯ, ಬಂದರಿನ ಎಷ್ಟೋ ಕುದುರೆಗಳಿಗೆ ತಡಿ ಹೊಲಿದಳು, ಖಜೂರಿ ೧೯೬೫ರವರೆಗೂ ಮದುಮಗಂದಿರನ್ನು ಹೊತ್ತಿತು. ನೆಂಟರು ಬಂದು ಎರಡು ಬೆರಳಿನ ಕಥೆ ಹೇಳಿ ಎಂದರೆ, ಮೊಯ್ದೀನಬ್ಬ ಎದ್ದು ಕುದುರೆಗೆ ಹುಲ್ಲು ಹಾಕಲು ಹೋಗುತ್ತಿದ್ದ.