ಸಮುದ್ರದಾಳದ ಡಿಸ್ಕು

ಕೊಂಡ ವಸ್ತುಗಳಿಗಿಂತ ಕೊಳ್ಳದ ವಸ್ತುಗಳ ಬಗ್ಗೆಯೇ ನನಗೆ ಜ್ಞಾನ ಹೆಚ್ಚು. ಮನೆಯ ಮಿಕ್ಸಿಯ ಮುಚ್ಚಳ ತೆಗೆಯಲು ಹೆಂಡತಿಯನ್ನು ಕರೆಯುವ ನಾನು, ಅಂಗಡಿಯ ಗಾಜಿನಾಚೆಗಿನ ಯಂತ್ರಗಳ ಕುರಿತು ಗಂಟೆಗಟ್ಟಲೆ ಮಾತಾಡಬಲ್ಲೆ. ಹೈ ಡೆಫಿನಿಷನ್ ಡಿಸ್ಕುಗಳು ದೆಹಲಿಗೆ ಬಂದ ಹೊಸತರಲ್ಲೂ ಹಾಗೇ ಆಯಿತು. ನಮ್ಮ ಲಕ್ಷ್ಮೀ ನಗರದ ಬಾಡಿಗೆ ಮನೆಯಲ್ಲಿ ಡಿವಿಡಿ ಪ್ಲೇಯರ್ ಚೆನ್ನಾಗಿಯೇ ಓಡುತ್ತಿತ್ತು. ಆದರೂ ಪ್ರತಿ ಭಾನುವಾರ ಅಂಗಡಿಗೆ ಹೋಗಿ, ದೊಡ್ಡ ಟಿವಿಯ ಮುಂದೆ ನಿಂತು, ಎಲೆಯ ಮೇಲಿನ ನೀರಹನಿಯೊಳಗೆ ಆಕಾಶವನ್ನು ನೋಡಿ ಬರುತ್ತಿದ್ದೆ. ಹೊರಬಂದರೆ ರಿಕ್ಷಾ, ಧೂಳು, ಕೋಚಿಂಗ್ ಕ್ಲಾಸುಗಳ ಬೋರ್ಡು ಎಲ್ಲವೂ ಒಂದಿಷ್ಟು ಮಸುಕಾಗಿ ಕಾಣುತ್ತಿದ್ದವು.

ಆಗ ಆ ಡಿಸ್ಕುಗಳಲ್ಲಿ ಎರಡು ಬಗೆ. ಒಂದು ಬಗೆಯದು ಇನ್ನೊಂದರ ಯಂತ್ರದಲ್ಲಿ ಓಡದು. ಯಾವುದು ಉಳಿಯುತ್ತದೆಂದು ಅಂಗಡಿಯವನಿಗೇ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಎದುರುಮನೆಯ ಬೆಳ್ಯಪ್ಪನವರು ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದ ಕೊಡಗಿನವರು. ಒಬ್ಬನೇ ಮಗ ನೌಕಾಪಡೆಯಲ್ಲಿದ್ದ. ಅವರು "ಯಾವುದು ತಗೊಳ್ಳೋದು ರಾಯರೇ?" ಎಂದು ಕೇಳಿದ್ದೇ ತಡ, ಮೆಟ್ಟಿಲ ಮೇಲೇ ನಿಂತು ಉಪನ್ಯಾಸ ಕೊಟ್ಟೆ. ಅವರು ನಾನು ಹೇಳಿದ್ದನ್ನೇ ತಂದರು. ಜೊತೆಗೆ ಉಚಿತವಾಗಿ ಸಮುದ್ರದಾಳದ ಒಂದು ಡಿಸ್ಕು ಬಂತು.

ಕೆಲವೇ ತಿಂಗಳಲ್ಲಿ ನಾನು ಹೇಳಿದ ಬಗೆ ಸೋತಿತು. ತಯಾರಿಸುವವರೇ ಕೈಬಿಟ್ಟರಂತೆ; ಇನ್ನು ಅದರ ಡಿಸ್ಕು ಬರುವುದಿಲ್ಲ ಎಂದ ಅಂಗಡಿಯವನು. ಒಂದು ವಾರ ಬೆಳ್ಯಪ್ಪನವರ ಕಣ್ಣು ತಪ್ಪಿಸಿ ಓಡಾಡಿದೆ. ಕೊನೆಗೊಂದು ಮಧ್ಯಾಹ್ನ ಕ್ಷಮೆ ಕೇಳಲೆಂದು ಬಾಗಿಲು ತಟ್ಟಿದೆ.

"ಅಚ್ಛಾ, ಹೊಸ ಡಿಸ್ಕು ಬರದಿದ್ರೆ ಬೇಡ ಬಿಡಿ" ಎಂದವರು, ನನ್ನನ್ನು ಬಾಗಿಲಲ್ಲೇ ತಡೆದು ದನಿ ತಗ್ಗಿಸಿದರು. "ಒಂದು ಮಾತು. ಮಗ ಸಬ್‌ಮರೀನಿನಲ್ಲಿದ್ದಾನಲ್ಲ? ಅವನಿಗೆ ಕಿಟಕಿಯಿಂದ ಇದೆಲ್ಲ ಕಾಣುತ್ತೆ ಅಂದ್ಕೊಂಡು ನಮ್ಮ ಮನೆಯವಳು ದಿನಾ ಆ ಡಿಸ್ಕಿನ ಮೀನುಗಳನ್ನ ನೋಡ್ತಾಳೆ. ಸಬ್‌ಮರೀನಿಗೆ ಕಿಟಕಿ ಎಲ್ಲಿರುತ್ತೆ? ನೀವು ಹೇಳ್ಬಿಡಬೇಡಿ, ಪ್ಲೀಸ್."

ನನ್ನ ನಾಲಿಗೆಯ ಖ್ಯಾತಿ ಅಷ್ಟಿತ್ತು.

ಕರ್ಟನ್ ಎಳೆದ ಕೋಣೆ ಇಡೀ ನೀಲಿಯಾಗಿತ್ತು. ಅವರ ಹೆಂಡತಿ ದೇಚಮ್ಮನವರು ಮಡಿಲಲ್ಲಿ ಹಸಿ ಬಟಾಣಿಯ ಬುಟ್ಟಿ ಇಟ್ಟುಕೊಂಡು, ಬಿಡಿಸುವುದನ್ನು ಮರೆತು ಕೂತಿದ್ದರು. ಗೋಡೆಯ ಮೇಲೆ, ಸೋಫಾದ ಮೇಲೆ, ಅವರ ನರೆಗೂದಲ ಮೇಲೆ ಬೆಳಕು ಅಲೆಯಾಡುತ್ತಿತ್ತು. ಒಂದು ಹಳದಿ ಮೀನು ಎಷ್ಟು ನಿಧಾನವಾಗಿ ಬಂತೆಂದರೆ, ಅದರ ರೆಕ್ಕೆಯ ಒಂದೊಂದು ಗೆರೆಯೂ ಕಾಣುತ್ತಿತ್ತು. ಬಂದ ಕಾರಣ ಮರೆತು ನಾನೂ ಕೂತೆ. ಕೆಳಗಿನ ಬೀದಿಯ ಹಾರನ್ನುಗಳು ನಮ್ಮ ತಲೆಯ ಮೇಲೆ, ಬಹಳ ಎತ್ತರದಲ್ಲೆಲ್ಲೋ ಕೇಳಿಸತೊಡಗಿದವು.

ಬೆಳ್ಯಪ್ಪನವರು ಕಾಫಿ ಮಾಡಲು ಎದ್ದುಹೋದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾದ ಮೇಲೆ, ಟಿವಿಯಿಂದ ಕಣ್ಣು ಕೀಳದೆ ದೇಚಮ್ಮನವರು ಕೇಳಿದರು: "ಕಿಟಕಿ ವಿಷಯ ಹೇಳಬೇಡಿ ಅಂದ್ರಾ?"

ನಾನು ಅಡುಗೆಮನೆಯ ಕಡೆ ನೋಡಿದೆ.

"ಕಿಟಕಿ ಇಲ್ಲ ಅಂತ ಮಗನೇ ಹೇಳಿದ್ದಾನೆ. ಅಷ್ಟು ದಿನ ನೀರೊಳಗಿದ್ರೂ ಅವನಿಗೆ ಒಂದು ಮೀನೂ ಕಾಣಲ್ವಂತೆ, ಪಾಪ. ಅದಕ್ಕೇ ನಾನು ನೋಡಿಟ್ಕೊಳ್ತೀನಿ. ರಜೆಗೆ ಬಂದಾಗ ಹೇಳೋಕೆ." ಒಂದು ಬಟಾಣಿ ಬಿಡಿಸಿ ಬುಟ್ಟಿಗೆ ಹಾಕಿದರು. "ಇವರಿಗೆ ಮಾತ್ರ ಹೇಳಬೇಡಿ. ನನಗೆ ಗೊತ್ತಿಲ್ಲ ಅಂತ ನೆಮ್ಮದಿಯಾಗಿದ್ದಾರೆ."

ಜನ ಹೊಸ ಡಿಸ್ಕಿಗೆ ಬದಲಾಗುತ್ತಾರೋ, ಹಳೆಯದರಲ್ಲೇ ತೃಪ್ತರಾಗಿರುತ್ತಾರೋ ಎಂದು ಆ ದಿನಗಳಲ್ಲಿ ಕಂಡಕಂಡವರ ಜೊತೆ ವಾದ ಮಾಡಿದವನು ನಾನು. ಆ ನೀಲಿ ಕೋಣೆಯಲ್ಲಿ ಹಳದಿ ಮೀನು ಮತ್ತೆ ಬರುವುದನ್ನೇ ಕಾಯುತ್ತ ಕೂತೆ.

ಕಾಫಿ ತಂದ ಬೆಳ್ಯಪ್ಪನವರು ಅನುಮಾನದಿಂದ ನನ್ನನ್ನೇ ನೋಡಿದರು. "ಏನು ಮಾತು ನಡೀತಿತ್ತು?"

"ಚಿತ್ರ ಬಹಳ ಸ್ಪಷ್ಟವಾಗಿದೆ ಅಂತಿದ್ದೆ" ಎಂದೆ.

ಇಬ್ಬರೂ ಸಮಾಧಾನದಿಂದ ತಲೆಯಾಡಿಸಿದರು.